ಜರ್ನಲ್‌ನವರು ಡೇಟಾ ಹಾಕಿ ಅಂತಿದ್ದಾರೆ, ಹೆಂಗಸರಿಗೆ ನಾನು ಮಾತು ಕೊಟ್ಟಿದ್ದೇನೆ. ಏನು ಮಾಡಲಿ?

ಎಮ್ಮೆ_ಲೆಕ್ಕ
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಸಹಿಸಿಕೊಳ್ಳಿ.

ಅರ್ಥಶಾಸ್ತ್ರದಲ್ಲಿ ಪಿಎಚ್‌ಡಿ, ನಾಲ್ಕನೇ ವರ್ಷ. ವಿಷಯ ಮೈಕ್ರೋಫೈನಾನ್ಸ್ ಸಾಲ. ಒಂದು ತಾಲ್ಲೂಕಿನ ಆರು ಹಳ್ಳಿಗಳಲ್ಲಿ 112 ಹೆಂಗಸರನ್ನು ಮಾತಾಡಿಸಿದ್ದೇನೆ. ಹೆಚ್ಚಿನವರು ಡೈರಿಗೆ ಹಾಲು ಹಾಕುವವರು. ಎಷ್ಟು ಕಂಪನಿಯಲ್ಲಿ ಸಾಲ ಇದೆ, ವಾರದ ಕಂತು ಎಷ್ಟು, ಹಸು ತರುತ್ತೇವೆ ಅಂತ ತೆಗೆದ ದುಡ್ಡು ನಿಜಕ್ಕೂ ಯಾವುದಕ್ಕೆ ಹೋಯಿತು, ಗಂಡನಿಗೆ ಗೊತ್ತಾ ಇಲ್ವಾ, ಎಲ್ಲ ಕೇಳಿದ್ದೇನೆ. ಅವರೂ ಬಚ್ಚಿಡದೆ ಹೇಳಿದ್ದಾರೆ. ಒಬ್ಬರು ಹಿತ್ತಲಿಗೆ ಕರೆದುಕೊಂಡು ಹೋಗಿ, ಕೊಟ್ಟಿಗೆ ಹಿಂದೆ ನಿಂತು ಹೇಳಿದರು, ಅತ್ತೆಗೆ ಕೇಳಿಸಬಾರದು ಅಂತ.

ಶುರುವಿನಲ್ಲೇ ಒಂದು ಫಾರಂ ಓದಿ ಹೇಳಿ ಸಹಿ ಅಥವಾ ಹೆಬ್ಬೆಟ್ಟು ಹಾಕಿಸಿಕೊಂಡಿದ್ದೆ. ಅದರಲ್ಲಿ "ಈ ಮಾಹಿತಿಯನ್ನು ಸಂಶೋಧನೆಗೆ ಮಾತ್ರ ಬಳಸುತ್ತೇವೆ, ಬೇರೆ ಯಾರಿಗೂ ತೋರಿಸುವುದಿಲ್ಲ" ಅಂತ ಇದೆ. ಸೀನಿಯರ್ ಒಬ್ಬರ ಫಾರಂ ನೋಡಿ ಕಾಪಿ ಮಾಡಿದ್ದು, ಸುಳ್ಳು ಯಾಕೆ ಹೇಳಲಿ.

ಈಗ ಪೇಪರ್ ಒಂದು ವಿದೇಶಿ ಜರ್ನಲ್‌ನಲ್ಲಿ ಎರಡನೇ ಸುತ್ತು ದಾಟಿದೆ. ಸಂಪಾದಕರು ಬರೆದಿದ್ದಾರೆ: ಡೇಟಾವನ್ನು ಸಾರ್ವಜನಿಕ ರೆಪಾಸಿಟರಿಯಲ್ಲಿ (ಯಾರು ಬೇಕಾದರೂ ಇಳಿಸಿಕೊಳ್ಳುವ ಆನ್‌ಲೈನ್ ಭಂಡಾರ) ಹಾಕಿ, ಇಲ್ಲವೇ ಯಾಕೆ ಆಗಲ್ಲ ಅಂತ ಕಾರಣ ಕೊಡಿ. ನಮ್ಮ ಗೈಡ್ ನಕ್ಕರು. "ಕೋರಿದವರಿಗೆ ಲೇಖಕರು ಡೇಟಾ ಒದಗಿಸುತ್ತಾರೆ ಅಂತ ಒಂದು ಸಾಲು ಹಾಕಿ ಕಳಿಸಮ್ಮ, ಯಾರೂ ಕೇಳಲ್ಲ" ಅಂದರು.

ಹಾಗೆ ಮಾಡಬಹುದಾ? ಎಲ್ಲರೂ ಹಾಗೇ ಮಾಡೋದಾ?

ಕೋಲಾರದ_ಕೂಸು
ಎಲ್ಲರೂ ಹಾಗೇ ಮಾಡೋದು. ಕಳಿಸಿ, ಮಲಗಿ.

ಜಯನಗರ_4ನೇ_ಬ್ಲಾಕ್
ಎಲ್ಲರೂ ಮಾಡ್ತಾರೆ ಅನ್ನೋದಕ್ಕೆ ಲೆಕ್ಕವೇ ಇದೆ. 2022ರಲ್ಲಿ ಒಂದು ಅಧ್ಯಯನ ಬಂತು. "ಕೇಳಿದರೆ ಕೊಡುತ್ತೇವೆ" ಅಂತ ಬರೆದಿದ್ದ 1792 ಲೇಖನಗಳ ಲೇಖಕರಿಗೆ ಮೇಲ್ ಹಾಕಿ ನಿಜವಾಗಿಯೂ ಕೇಳಿದರು. ಶೇಕಡಾ 93 ಜನ ಉತ್ತರವೇ ಕೊಡಲಿಲ್ಲ ಅಥವಾ ಆಗಲ್ಲ ಅಂದರು. ಕೊನೆಗೆ ಡೇಟಾ ಕೈಗೆ ಬಂದದ್ದು 123 ಜನರಿಂದ. ನೂರಕ್ಕೆ ಏಳೂ ಇಲ್ಲ.

ಹಾಗಾಗಿ ನಿಮ್ಮ ಗೈಡ್ ಲೋಕಜ್ಞಾನಿ. ಆದರೆ ನಿಮ್ಮ ವಿಷಯದಲ್ಲಿ ಆ ಸಾಲು ಎರಡು ಸಲ ಸುಳ್ಳಾಗುತ್ತೆ. ಹೆಂಗಸರಿಗೆ "ಯಾರಿಗೂ ತೋರಿಸಲ್ಲ" ಅಂದಿದ್ದೀರಿ, ಜರ್ನಲ್‌ಗೆ "ಕೇಳಿದವರಿಗೆ ತೋರಿಸ್ತೀನಿ" ಅಂತೀರಿ. ನಾಳೆ ಒಬ್ಬ ನಿಜವಾಗಿಯೂ ಕೇಳಿದರೆ ಯಾರ ಹತ್ತಿರ ಸುಳ್ಳುಗಾರ್ತಿ ಆಗ್ತೀರಿ?

ಹಳೇ_ಮೇಷ್ಟ್ರು
ಮೂವತ್ತೆರಡು ವರ್ಷ ಪಾಠ ಮಾಡಿದೆ, ಹನ್ನೊಂದು ಜನಕ್ಕೆ ಪಿಎಚ್‌ಡಿ ಮಾಡಿಸಿದೆ. ಒಬ್ಬರೂ ನನ್ನ ಡೇಟಾ ಕೇಳಲಿಲ್ಲ, ನಾನೂ ಯಾರದ್ದನ್ನೂ ಕೇಳಲಿಲ್ಲ. ಸಂಶೋಧನೆ ನಿಂತು ಹೋಯಿತೇ? ಈ ಮಗು ನಾಲ್ಕು ವರ್ಷ ಬಸ್ಸು ಹತ್ತಿ ಇಳಿದು, ಬಿಸಿಲಲ್ಲಿ ಅಲೆದು ಸಂಗ್ರಹಿಸಿದ್ದನ್ನು ಎಲ್ಲೋ ಎಸಿ ರೂಮಿನಲ್ಲಿ ಕೂತವನು ಡೌನ್‌ಲೋಡ್ ಮಾಡಿಕೊಂಡು ಮೂರು ತಿಂಗಳಲ್ಲಿ ಇವಳಿಗಿಂತ ದೊಡ್ಡ ಜರ್ನಲ್‌ನಲ್ಲಿ ಪೇಪರ್ ಹಾಕುತ್ತಾನೆ. ಹೊಲ ಉತ್ತವರು ಒಬ್ಬರು, ಕಣ ಮಾಡಿದವರು ಇನ್ನೊಬ್ಬರು. ಇದಕ್ಕೆ ಮುಕ್ತ ವಿಜ್ಞಾನ ಅಂತ ಹೆಸರು ಬೇರೆ.

ವೈಟ್‌ಕೋಟ್
ಮೇಷ್ಟ್ರೇ, ಡೇಟಾ ಯಾರೂ ಕೇಳದೇ ಇದ್ದರೆ ಏನಾಗುತ್ತೆ ಅಂತ 2020ರಲ್ಲಿ ನಾವು ವಾರ್ಡ್‌ನಲ್ಲಿ ನಿಂತು ನೋಡಿದ್ದೇವೆ. ಹೈಡ್ರಾಕ್ಸಿಕ್ಲೋರೊಕ್ವಿನ್ ಅನ್ನೋ ಮಲೇರಿಯಾ ಔಷಧಿ ಕೊಟ್ಟರೆ ಕೋವಿಡ್ ರೋಗಿಗಳು ಜಾಸ್ತಿ ಸಾಯುತ್ತಾರೆ ಅಂತ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಜರ್ನಲ್‌ನಲ್ಲಿ ಮೇ 22ಕ್ಕೆ ಪೇಪರ್ ಬಂತು. 671 ಆಸ್ಪತ್ರೆ, 96 ಸಾವಿರ ರೋಗಿಗಳು ಅಂತ ಲೆಕ್ಕ. ಡೇಟಾ ಎಲ್ಲಿಂದ? ಸರ್ಜಿಸ್ಫಿಯರ್ ಅನ್ನೋ ಒಂದು ಸಣ್ಣ ಕಂಪನಿಯಿಂದ. ವಿಶ್ವ ಆರೋಗ್ಯ ಸಂಸ್ಥೆ ಆ ಔಷಧಿಯ ಪ್ರಯೋಗವನ್ನೇ ಕೆಲವು ದಿನ ನಿಲ್ಲಿಸಿತು. ಆಮೇಲೆ ಆಸ್ಟ್ರೇಲಿಯಾದವರು ನೋಡ್ತಾರೆ, ಪೇಪರ್‌ನಲ್ಲಿರುವ ಆಸ್ಟ್ರೇಲಿಯಾದ ಸಾವು ಇಡೀ ದೇಶ ಆವರೆಗೆ ದಾಖಲಿಸಿದ್ದಕ್ಕಿಂತ ಜಾಸ್ತಿ ಇದೆ. ಮೂಲ ಡೇಟಾ ತೋರಿಸಿ ಅಂದರೆ ಕಂಪನಿ ಕೊಡಲಿಲ್ಲ. ಜೂನ್ 4ಕ್ಕೆ ಪೇಪರ್ ವಾಪಸ್. ಅದೇ ದಿನ ಇನ್ನೊಂದು ದೊಡ್ಡ ಜರ್ನಲ್ ಕೂಡ ಅದೇ ಕಂಪನಿಯ ಡೇಟಾ ಇದ್ದ ಪೇಪರ್ ವಾಪಸ್ ತೆಗೆದುಕೊಂಡಿತು.

ತಮಾಷೆ ಏನಂದ್ರೆ ಆ ಪೇಪರ್‌ನ ಲೇಖಕರಲ್ಲೇ ಮೂವರು ಮೂಲ ಡೇಟಾ ನೋಡಿರಲಿಲ್ಲ!

ಆ ಔಷಧಿ ಕೆಲಸ ಮಾಡಲಿಲ್ಲ ಅನ್ನೋದು ಬೇರೆ ಪ್ರಯೋಗಗಳಿಂದ ಗೊತ್ತಾಯ್ತು, ಅದು ಬೇರೆ ಮಾತು.

ಹಳೇ_ಮೇಷ್ಟ್ರು
ಅದು ಕಳ್ಳರ ಕತೆ. ಈ ಹುಡುಗಿ ಕಳ್ಳಿಯಲ್ಲ.

ಜಯನಗರ_4ನೇ_ಬ್ಲಾಕ್
ಸರ್, ಕಳ್ಳರಲ್ಲದವರ ಕತೆಯೂ ಇದೆ, ಅದೂ ಅರ್ಥಶಾಸ್ತ್ರದ್ದೇ. 2010ರಲ್ಲಿ ರೈನ್‌ಹಾರ್ಟ್ ಮತ್ತು ರೋಗಾಫ್ ಅನ್ನೋ ಇಬ್ಬರು ದೊಡ್ಡ ಪ್ರೊಫೆಸರ್‌ಗಳು, ದೇಶದ ಸಾಲ ಜಿಡಿಪಿಯ ಶೇ 90 ದಾಟಿದರೆ ಬೆಳವಣಿಗೆ ಸರಾಸರಿ ಮೈನಸ್ 0.1ಕ್ಕೆ ಬೀಳುತ್ತೆ ಅಂದರು. ಖರ್ಚು ಕಡಿತ ಮಾಡಬೇಕು ಅಂತಿದ್ದ ರಾಜಕಾರಣಿಗಳೆಲ್ಲ ಅದನ್ನು ಹಿಡಿದುಕೊಂಡರು. ಮ್ಯಾಸಚೂಸೆಟ್ಸ್‌ನ ಒಬ್ಬ ಪಿಎಚ್‌ಡಿ ಹುಡುಗನಿಗೆ ಕ್ಲಾಸಿನಲ್ಲಿ ಹೋಂವರ್ಕ್: ಯಾವುದಾದರೂ ಪೇಪರ್‌ನ ಲೆಕ್ಕ ಮತ್ತೆ ಮಾಡಿ ತೋರಿಸು. ಇವನು ಎಷ್ಟು ಸಲ ಮಾಡಿದರೂ ಆ ಉತ್ತರ ಬರ್ತಿಲ್ಲ. ಮೇಲ್ ಹಾಕಿದ. ಅವರು ಪಾಪ, ಎಕ್ಸೆಲ್ ಶೀಟ್ ಕಳಿಸಿಯೇಬಿಟ್ಟರು. ತೆರೆದು ನೋಡಿದರೆ ಸರಾಸರಿಯ ಫಾರ್ಮುಲಾ ಕೊನೆಯ ಐದು ಸಾಲು ತಲುಪಿಯೇ ಇಲ್ಲ. ಐದು ದೇಶ ಬಿಟ್ಟುಹೋಗಿದ್ದವು. ಬೇರೆ ಆಯ್ಕೆಗಳನ್ನೂ ಸರಿ ಮಾಡಿದರೆ ಉತ್ತರ ಪ್ಲಸ್ 2.2. ಅದು 2013.

ಅವರಿಬ್ಬರೂ ಮೋಸ ಮಾಡಲಿಲ್ಲ. ಮೌಸ್ ಐದು ಸಾಲು ಮೊದಲೇ ಬಿಟ್ಟರು ಅಷ್ಟೇ. ನನ್ನ ಕೈಯಲ್ಲೂ ಎಷ್ಟು ಸಲ ಆಗಿದೆಯೋ!

ಸುಮ್ನೆ_ಬಂದೆ
ಎಕ್ಸೆಲ್ ವಿಷಯ ತೆಗೆದಿರಿ, ನನ್ನ ಹೊಟ್ಟೆ ಉರಿ ಕೇಳಿ. ಜಮೀನಿನ ಸರ್ವೆ ನಂಬರ್ 12/3 ಅಂತ ಟೈಪ್ ಮಾಡಿದರೆ ಅದು ತಾನಾಗಿಯೇ ತಾರೀಖು ಆಗುತ್ತೆ. 340 ರೈತರ ಪಟ್ಟಿ. ಎಷ್ಟೋ ಜಮೀನು ಮಾರ್ಚ್, ಫೆಬ್ರುವರಿ, ಏಪ್ರಿಲ್ ಆಗಿ ಕೂತಿದ್ದವು. ಮೂರು ತಿಂಗಳಾದ ಮೇಲೆ ಗೊತ್ತಾಯ್ತು.

ವೈಟ್‌ಕೋಟ್
ಹಹಾ, ನೀವೊಬ್ಬರೇ ಅಲ್ಲ. ಜೀನ್‌ಗಳಿಗೂ ಇದೇ ಗತಿ. ಮಾರ್ಚ್1, ಸೆಪ್ಟ್2 ಅಂತ ಜೀನ್ ಹೆಸರುಗಳಿದ್ದವು, ಎಕ್ಸೆಲ್ ಅವನ್ನು ತಾರೀಖು ಮಾಡುತ್ತಿತ್ತು. ಕೊನೆಗೆ 2020ರ ಹೊತ್ತಿಗೆ ಜೀನ್‌ಗಳ ಹೆಸರನ್ನೇ ಬದಲಾಯಿಸಿದರು. ಆಗ ಎಕ್ಸೆಲ್ ಬದಲಾಗಲಿಲ್ಲ, ಮನುಷ್ಯನ ಜೀನ್ ಹೆಸರು ಬದಲಾಯ್ತು.

ಬರ್ಲಿನ್_ಭಟ್ಟ
ಮೂಲ ಪ್ರಶ್ನೆಗೆ ಬರೋಣ್ವಾ. ಎಮ್ಮೆ_ಲೆಕ್ಕ ಅವರೇ, ಹೆಸರು ತೆಗೆದು, ಹಳ್ಳಿ ಹೆಸರು ತೆಗೆದು, ಜೆನೋಡೋ ಅನ್ನೋ ರೆಪಾಸಿಟರಿಯಲ್ಲಿ ಹಾಕಿ. ಯುರೋಪಿನ ಭೌತವಿಜ್ಞಾನ ಸಂಸ್ಥೆ ಸರ್ನ್‌ನವರು ನಡೆಸೋದು, ಪುಕ್ಕಟೆ, 50 ಜಿಬಿ ತನಕ ಜಾಗ. ಡಿಒಐ, ಅಂದರೆ ಬದಲಾಗದ ಗುರುತಿನ ಸಂಖ್ಯೆ, ಸಿಗುತ್ತೆ, ನಿಮ್ಮ ಡೇಟಾ ಬಳಸಿದವರು ನಿಮ್ಮನ್ನು ಉಲ್ಲೇಖ ಮಾಡೋದು ಸುಲಭ ಆಗುತ್ತೆ. ಮೇಷ್ಟ್ರು ಹೇಳಿದ ಭಯ ಇದ್ದರೆ ಒಂದು ವರ್ಷ ಎಂಬಾರ್ಗೋ ಇಟ್ಟುಕೊಳ್ಳಿ, ಅಲ್ಲಿಯವರೆಗೆ ಫೈಲ್ ಯಾರಿಗೂ ತೆರೆಯಲ್ಲ. ಇಲ್ಲಿ ನಮಗೆ ಇದು ಹಲ್ಲುಜ್ಜಿದಷ್ಟು ಮಾಮೂಲಿ. ಇಷ್ಟು ತಲೆ ಕೆಡಿಸಿಕೊಳ್ಳುವ ವಿಷಯವೇ ಅಲ್ಲ.

ಎಮ್ಮೆ_ಲೆಕ್ಕ
ಭಟ್ಟರೇ, ಹೆಸರು ತೆಗೆದರೆ ಸಾಕಾ ಅನ್ನೋದೇ ನನ್ನ ಸಂಕಟ. ಒಂದು ಸಾಲು ಹೇಳ್ತೀನಿ, ವಿವರ ಸ್ವಲ್ಪ ಬದಲಾಯಿಸಿದ್ದೇನೆ: ವಯಸ್ಸು 34, ವಿಧವೆ, ಓದು ಪಿಯುಸಿ, ಎರಡು ಎಮ್ಮೆ, ಒಂದು ಎಚ್ಎಫ್ ಹಸು, ಅಂಗನವಾಡಿ ಸಹಾಯಕಿ, ನಾಲ್ಕು ಕಂಪನಿಯಲ್ಲಿ ಸಾಲ. ಹಸುವಿನ ಸಾಲದ ದುಡ್ಡಲ್ಲಿ ತಮ್ಮನ ಬೈಕು.

ಅರವತ್ತು ಮನೆಯ ಹಳ್ಳಿ. ಅಂಗನವಾಡಿ ಒಂದೇ. ಸಹಾಯಕಿಯೂ ಒಬ್ಬರೇ. ಇದಕ್ಕೆ ಹೆಸರು ಬೇರೆ ಬೇಕಾ? ಪ್ರತಿ ಮಂಗಳವಾರ ಕಂತು ವಸೂಲಿಗೆ ಬರುವ ಹುಡುಗ ಎರಡು ಸೆಕೆಂಡಿನಲ್ಲಿ ಹೇಳ್ತಾನೆ ಯಾರು ಅಂತ. ಗುಂಪು ಸಾಲ ಬೇರೆ, ಒಬ್ಬರು ಕಟ್ಟದಿದ್ದರೆ ಉಳಿದವರ ತಲೆ ಮೇಲೆ. ಇವರಿಗೆ ನಾಲ್ಕು ಕಡೆ ಸಾಲ ಇದೆ ಅಂತ ಗೊತ್ತಾದರೆ ಗುಂಪಿನ ಉಳಿದ ಒಂಬತ್ತು ಜನ ಸುಮ್ಮನಿರಲ್ಲ.

ಬರ್ಲಿನ್_ಭಟ್ಟ
ಸರಿ, ಹಲ್ಲುಜ್ಜುವ ಮಾತು ವಾಪಸ್ ತಗೊಂಡೆ.

ಜಯನಗರ_4ನೇ_ಬ್ಲಾಕ್
ಅರವತ್ತು ಮನೆ ಬಿಡಿ, ಅಮೆರಿಕದಂಥ ದೇಶದಲ್ಲೇ ಇದು ಆಗಿದೆ. 90ರ ದಶಕದಲ್ಲಿ ಮ್ಯಾಸಚೂಸೆಟ್ಸ್‌ನಲ್ಲಿ ಸರ್ಕಾರಿ ನೌಕರರ ಆಸ್ಪತ್ರೆ ದಾಖಲೆಯನ್ನು ಹೆಸರು ತೆಗೆದು ಸಂಶೋಧಕರಿಗೆ ಕೊಟ್ಟರು. ಲಟಾನ್ಯಾ ಸ್ವೀನಿ ಅಂತ ಆಗ ವಿದ್ಯಾರ್ಥಿನಿ. 20 ಡಾಲರ್ ಕೊಟ್ಟು ಮತದಾರರ ಪಟ್ಟಿ ಕೊಂಡುಕೊಂಡರು. ಎರಡನ್ನೂ ಪಕ್ಕ ಪಕ್ಕ ಇಟ್ಟು ಅಲ್ಲಿನ ಗವರ್ನರ್ ವಿಲಿಯಂ ವೆಲ್ಡ್ ಅವರ ದಾಖಲೆಯನ್ನೇ ಹುಡುಕಿ ತೆಗೆದರು. ಬರೀ ಪಿನ್‌ಕೋಡ್, ಹುಟ್ಟಿದ ದಿನ, ಗಂಡೋ ಹೆಣ್ಣೋ ಇಷ್ಟೇ ಸಾಕಾಯ್ತು. ಈ ಮೂರರಿಂದ ಅಮೆರಿಕದ ಶೇ 87 ಜನರನ್ನು ಗುರುತಿಸಬಹುದು ಅಂತ ಆಮೇಲೆ ಲೆಕ್ಕ ಕೊಟ್ಟರು.

ಆ ಕೆಲಸದಿಂದಲೇ ಒಂದು ನಿಯಮ ಹುಟ್ಟಿತು. ನಿಮ್ಮ ಟೇಬಲ್‌ನಲ್ಲಿ ಯಾವ ಸಾಲು ತೆಗೆದುಕೊಂಡರೂ, ಅದೇ ಲಕ್ಷಣದ ಇನ್ನೂ ನಾಲ್ಕು ಜನ ಇರಬೇಕು. ಐದು ಅನ್ನೋದು ನಾನು ಇಟ್ಟುಕೊಳ್ಳುವ ಲೆಕ್ಕ, ಕೆಲವರು ಹತ್ತು ಅಂತಾರೆ. ಇಲ್ಲದಿದ್ದರೆ ಕಾಲಂ ಒಗ್ಗೂಡಿಸಿ. 34 ಬೇಡ, 30 ರಿಂದ 39. ಅಂಗನವಾಡಿ ಬೇಡ, "ಸಂಬಳದ ಕೆಲಸ". ಹಳ್ಳಿ ಬೇಡ, ಆರೂ ಹಳ್ಳಿ ಸೇರಿಸಿ. ಎಮ್ಮೆ ಹಸು ಒಟ್ಟು "ಮೂರು ಅಥವಾ ಜಾಸ್ತಿ". ಆಮೇಲೂ ಒಂಟಿಯಾಗಿ ನಿಂತ ಸಾಲಿದ್ದರೆ ತೆಗೆದುಬಿಡಿ.

ಕಪ್ಪೆ_ಕೂಗು
ಬೇರೆ ಕ್ಷೇತ್ರದವನು, ಆದರೆ ಹೇಳಲೇಬೇಕು. ನಾವು ಪಶ್ಚಿಮ ಘಟ್ಟದಲ್ಲಿ ಕಪ್ಪೆ ನೋಡುವವರು. ನಮ್ಮ ಮಾಹಿತಿದಾರರು ಸಹಿ ಹಾಕಲ್ಲ. ಆದರೂ ಇದೇ ಸಮಸ್ಯೆ. 1999ರಲ್ಲಿ ಚೀನಾ–ವಿಯೆಟ್ನಾಂ ಕಡೆಯ ಒಂದು ಗುಹೆ ಹಲ್ಲಿಯನ್ನು ಹೊಸ ಪ್ರಭೇದ ಅಂತ ಪ್ರಕಟಿಸಿದರು. ಎಲ್ಲಿ ಸಿಕ್ಕಿತು ಅಂತಲೂ ಬರೆದರು, ವಿಜ್ಞಾನದಲ್ಲಿ ಬರೆಯಲೇಬೇಕಲ್ವಾ. ಸಾಕುವ ಶೋಕಿಯವರಿಗೆ ಅದೇ ವಿಳಾಸ ಆಯ್ತು. ಮೊದಲು ಸಿಕ್ಕ ಜಾಗದಲ್ಲಿ ಹಲ್ಲಿಯೇ ಇಲ್ಲದ ಹಾಗೆ ಹಿಡಿದುಕೊಂಡು ಹೋದರು. ಈಗ ಜನ ತಾವು ಕಂಡ ಪ್ರಾಣಿ, ಗಿಡಗಳನ್ನು ದಾಖಲಿಸುವ ಐನ್ಯಾಚುರಲಿಸ್ಟ್ ತಾಣದಲ್ಲಿ ಅಪಾಯದಲ್ಲಿರುವ ಪ್ರಾಣಿಯ ಜಾಗವನ್ನು ಅದಾಗಿಯೇ ಮಸುಕು ಮಾಡಿ ತೋರಿಸುತ್ತೆ.

ಅಂದರೆ ಪೂರ್ತಿ ತೆರೆದಿಡು ಅಥವಾ ಪೂರ್ತಿ ಮುಚ್ಚಿಡು ಅನ್ನೋ ಎರಡೇ ದಾರಿ ಅಲ್ಲ. ಯಾರಿಗೆ ಎಷ್ಟು ಅನ್ನೋದು ಪ್ರಶ್ನೆ.

ತಂಬೂರಿ_ತಂತಿ
ಎಲ್ಲರೂ ಹೆಸರು ಮುಚ್ಚೋದರ ಬಗ್ಗೆಯೇ ಮಾತಾಡ್ತಿದ್ದೀರಿ. ಜಾನಪದದಲ್ಲಿ ನಮ್ಮ ಜಗಳ ಉಲ್ಟಾ. ನೀಲಗಾರರು ರಾತ್ರಿಯಿಡೀ ಕೂತು ಮಂಟೇಸ್ವಾಮಿ ಕತೆ ಹಾಡ್ತಾರೆ. ನಾವು ರೆಕಾರ್ಡ್ ಮಾಡಿ ತರ್ತೀವಿ. ಪೇಪರ್‌ನಲ್ಲಿ "ವಕ್ತೃ 3, ಗಂಡು, 60 ವರ್ಷ" ಅಂತ ಹಾಕಿದರೆ ಅದು ಗೋಪ್ಯತೆ ಅಲ್ಲ, ಕಳ್ಳತನ. ಹಾಡಿದವರ ಹೆಸರು, ಊರು, ಗುರುವಿನ ಹೆಸರು ಎಲ್ಲ ಇರಬೇಕು. ಅವರು ಅದನ್ನೇ ಕೇಳ್ತಾರೆ. ಒಬ್ಬ ಹಿರಿಯರು ನನಗೇ ಹೇಳಿದ್ದು: "ನಮ್ಮಪ್ಪ ಹಾಡಿದ್ದನ್ನ ಟೇಪ್ ಮಾಡ್ಕೊಂಡೋದ್ರು. ಅದು ಎಲ್ಲೈತೋ, ಯಾರ ಹೆಸರಲ್ಲೈತೋ, ನಮಗೊಂದು ಸಲಾನೂ ಕೇಳಿಸ್ಲಿಲ್ಲ."

ಡೇಟಾ ಹಂಚಿಕೆ ಅಂದರೆ ಜರ್ನಲ್ ಜೊತೆ ಹಂಚಿಕೊಳ್ಳೋದು ಅಂತ ಯಾಕೆ ಅಂದುಕೊಂಡಿದ್ದೀವಿ? ಕೊಟ್ಟವರ ಜೊತೆ ಹಂಚಿಕೊಂಡವರು ಇಲ್ಲಿ ಎಷ್ಟು ಜನ ಇದ್ದೀರಿ, ಕೈ ಎತ್ತಿ.

ಕೋಲಾರದ_ಕೂಸು
ಕೈ ಕೆಳಗೇ ಇದೆ 🙈

ಹಳೇ_ಮೇಷ್ಟ್ರು
ತಂಬೂರಿಯವರ ಮಾತು ನನಗೆ ತಾಗಿತು. ನನ್ನ ಮನೆಯ ಅಟ್ಟದ ಮೇಲೆ ಹದಿನೆಂಟು ಕ್ಯಾಸೆಟ್ ಇವೆ. 1988, 89ರವು. ಹಾಡಿದವರ ಊರಿಗೆ ನಾನು ಮತ್ತೆ ಹೋಗಲಿಲ್ಲ.

ವೈಟ್‌ಕೋಟ್
ಕೊಟ್ಟವರಿಗೆ ಹೇಳದೆ ಬೇರೆ ಕೆಲಸಕ್ಕೆ ಬಳಸಿದರೆ ಏನಾಗುತ್ತೆ ಅನ್ನೋದಕ್ಕೆ ಹವಸುಪಾಯಿ ಪ್ರಕರಣ ಓದಿ. ಅಮೆರಿಕದ ಗ್ರ್ಯಾಂಡ್ ಕ್ಯಾನ್ಯನ್ ಕಣಿವೆ ಒಳಗೆ ಬದುಕುವ ಬುಡಕಟ್ಟು. ಅವರಲ್ಲಿ ಸಕ್ಕರೆ ಕಾಯಿಲೆ ಜಾಸ್ತಿ, ಅದರ ಅಧ್ಯಯನ ಅಂತ 90ರಲ್ಲಿ ರಕ್ತ ಕೊಟ್ಟರು. ವಿಶ್ವವಿದ್ಯಾಲಯದವರು ಅದೇ ರಕ್ತದಲ್ಲಿ ಸ್ಕಿಜೋಫ್ರೇನಿಯಾ ಅನ್ನೋ ಮನೋರೋಗದ ಬಗ್ಗೆ ನೋಡಿದರು, ಅವರ ಪೂರ್ವಜರು ಎಲ್ಲಿಂದ ಬಂದರು ಅಂತಲೂ ನೋಡಿದರು. ನಾವು ಈ ಕಣಿವೆಯಲ್ಲೇ ಹುಟ್ಟಿದವರು ಅನ್ನೋದು ಅವರ ನಂಬಿಕೆ. ಕೋರ್ಟಿಗೆ ಹೋದರು. 2010ರಲ್ಲಿ 7 ಲಕ್ಷ ಡಾಲರ್ ಪರಿಹಾರ, ಉಳಿದ ರಕ್ತವೂ ವಾಪಸ್.

ನಮ್ಮಲ್ಲಿ ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರ ಮಾರ್ಗಸೂಚಿ ಇದೆ. ಒಪ್ಪಿಗೆಯನ್ನು ಹಂತ ಹಂತವಾಗಿ ಕೇಳಬಹುದು ಅನ್ನುತ್ತೆ. ಈ ಅಧ್ಯಯನಕ್ಕೆ ಮಾತ್ರ ಒಪ್ಪಿಗೆಯಾ, ಮುಂದಿನದಕ್ಕೂ ಸರಿಯಾ ಅಂತ ಬೇರೆ ಬೇರೆ ಕೇಳೋದು. ನಿಮ್ಮ ಫಾರಂನಲ್ಲಿ ಎರಡು ಟಿಕ್ ಬಾಕ್ಸ್ ಇದ್ದಿದ್ದರೆ ಇವತ್ತು ಈ ಚರ್ಚೆಯೇ ಇರುತ್ತಿರಲಿಲ್ಲ.

ಕೋಲಾರದ_ಕೂಸು
ಇಂಥ ಫಾರಂ ನೋಡೋಕೆ ಎಥಿಕ್ಸ್ ಕಮಿಟಿ ಇರಬೇಕಲ್ವಾ, ನಮ್ಮಲ್ಲಿ ಸಮಾಜ ವಿಜ್ಞಾನಕ್ಕೆ ಕಮಿಟಿ ಇದೆಯೋ ಇಲ್ವೋ ಅಂತ ಕೇಳಿದಾಗ ಕ್ಲರ್ಕ್ ನನ್ನನ್ನು ಕ್ಯಾಂಟೀನ್ ಕಮಿಟಿ ಹತ್ತಿರ ಕಳಿಸಿದರು. ನಿಜವಾಗಿ. ನಮ್ಮವರಿಗೆ ನೀತಿ ಅಂದರೆ ಕೃತಿಚೌರ್ಯದ ಪರ್ಸೆಂಟೇಜ್ ಅಷ್ಟೇ. ಶೇ 10 ಒಳಗೆ ಬಂತಾ, ಸರ್ಟಿಫಿಕೇಟ್ ಅಂಟಿಸಿದ್ಯಾ, ಮುಗೀತು.

ಸುಮ್ನೆ_ಬಂದೆ
ಅದೂ "ಸಂಶೋಧನೆ" ಅನ್ನೋದನ್ನ "ಶೋಧ ಕಾರ್ಯ" ಮಾಡಿದರೆ ಎರಡು ಪರ್ಸೆಂಟ್ ಇಳಿಯುತ್ತೆ. ಝೆರಾಕ್ಸ್ ಅಂಗಡಿಯವರೇ ಮಾಡಿಕೊಡ್ತಾರೆ, ಪುಟಕ್ಕೆ ಇಷ್ಟು ಅಂತ.

ಬರ್ಲಿನ್_ಭಟ್ಟ
ದಾರಿ ತಪ್ಪುತ್ತಿದೆ ಮಾತು. ನನ್ನ ಸಲಹೆ ತಿದ್ದಿ ಹೇಳ್ತೀನಿ. ಬಹಳಷ್ಟು ಜರ್ನಲ್‌ಗಳು ಕೇಳೋದು "ಎಲ್ಲವನ್ನೂ ತೆರೆದಿಡಿ" ಅಂತಲ್ಲ, "ಡೇಟಾ ಎಲ್ಲಿದೆ, ಯಾರಿಗೆ ಸಿಗುತ್ತೆ, ಸಿಗದಿದ್ದರೆ ಯಾಕೆ ಅಂತ ನಿಜ ಹೇಳಿ" ಅಂತ. ಪ್ಲೋಸ್ ಅನ್ನೋ ಮುಕ್ತ ಜರ್ನಲ್‌ಗಳ ಪ್ರಕಾಶಕರು 2014ರಲ್ಲಿ ಈ ಹೇಳಿಕೆ ಕಡ್ಡಾಯ ಮಾಡಿದಾಗಲೇ, ಜನರ ಗೋಪ್ಯತೆಗೆ ಅಪಾಯ ಇದ್ದರೆ ವಿನಾಯಿತಿ ಅಂತ ಇಟ್ಟಿದ್ದರು. ಸಂಪಾದಕರಿಗೆ ಈ ಅಂಗನವಾಡಿ ಉದಾಹರಣೆಯನ್ನೇ ಬರೆಯಿರಿ, ವಿವರ ಬದಲಾಯಿಸಿ. ಅವರೂ ಮನುಷ್ಯರು.

ಪ್ರಶ್ನಾವಳಿ, ಲೆಕ್ಕ ಮಾಡಿದ ಕಂಪ್ಯೂಟರ್ ಕೋಡ್, ಕಾಲಂಗಳ ವಿವರ, ಇವನ್ನು ಮುಚ್ಚಿಡೋದಕ್ಕೆ ಮಾತ್ರ ಯಾವ ಕಾರಣವೂ ಇಲ್ಲ. ಅದನ್ನು ಇವತ್ತೇ ಹಾಕಿ.

ಜಯನಗರ_4ನೇ_ಬ್ಲಾಕ್
ಒಂದು ತಕರಾರು. ಹಾಗೆಲ್ಲ ಒಗ್ಗೂಡಿಸಿದ ಮೇಲೆ ಅದೇ ಡೇಟಾದಿಂದ ನಿಮ್ಮ ಫಲಿತಾಂಶ ಮತ್ತೆ ಬರುತ್ತಾ ಅಂತ ನೋಡಿಕೊಳ್ಳಿ. ಬರದೇ ಇದ್ದರೆ "ಇದು ಮಸುಕು ಮಾಡಿದ ಪ್ರತಿ, ಉತ್ತರ ಇಷ್ಟು ಬೇರೆ ಬರುತ್ತೆ" ಅಂತ ಬರೆದಿಡಿ. ಇಲ್ಲದಿದ್ದರೆ ನಾಳೆ ಒಬ್ಬ ಹೋಂವರ್ಕ್ ಮಾಡುವ ಹುಡುಗ ನಿಮ್ಮನ್ನೂ ಹಿಡಿದುಕೊಳ್ತಾನೆ.

ಎಮ್ಮೆ_ಲೆಕ್ಕ
ಹದಿನೈದು ದಿನ ಆಯ್ತು, ಏನಾಯ್ತು ಅಂತ ಹೇಳಿಬಿಡ್ತೀನಿ.

ಮೊದಲು ಊರಿಗೆ ಹೋದೆ. ಆರೂ ಹಳ್ಳಿಗೆ ಆಗಲಿಲ್ಲ, ಎರಡಕ್ಕೆ ಹೋದೆ. ಸಂಜೆ ಹಾಲು ಹಾಕುವ ಹೊತ್ತಿಗೆ ಡೈರಿ ಮುಂದೆ ಎಲ್ಲರೂ ಸಿಗ್ತಾರೆ, ಆದರೆ ಅಲ್ಲಿ ಈ ಮಾತು ಆಡೋ ಹಾಗಿಲ್ಲ. ಕ್ಯಾನು ಹಿಡಿದುಕೊಂಡು ಮನೆ ಕಡೆ ನಡೆಯುವಾಗ ಒಬ್ಬೊಬ್ಬರ ಜೊತೆ ಮಾತಾಡಿದೆ. ಹೆಚ್ಚಿನವರು ಕೇಳಿದ್ದು ಒಂದೇ: "ಕಂಪನಿಯವರ ಕೈಗೆ ಸಿಗುತ್ತಾ?" 2025ರ ಫೆಬ್ರುವರಿಯಲ್ಲಿ, ಬಲವಂತದ ಸಾಲ ವಸೂಲಿ ತಡೆಯೋಕೆ ರಾಜ್ಯ ಸರ್ಕಾರದ ಸುಗ್ರೀವಾಜ್ಞೆ ಬಂದ ಮೇಲೆ ವಸೂಲಿಯವರ ಗಲಾಟೆ ಕಡಿಮೆ ಆಗಿದೆಯಂತೆ, ಭಯ ಹೋಗಿಲ್ಲ. ಮಸುಕು ಮಾಡಿದ ಟೇಬಲ್ ಪ್ರಿಂಟ್ ತೋರಿಸಿ, ಇದರಲ್ಲಿ ನೀವು ಯಾರು ಹುಡುಕಿ ಅಂದೆ. ಒಬ್ಬರು ಬೆರಳಿಟ್ಟು ಹುಡುಕಿದರು, ತಪ್ಪು ಸಾಲು ತೋರಿಸಿದರು. ಇನ್ನೊಬ್ಬರು ಸರಿಯಾಗಿ ತೋರಿಸಿಬಿಟ್ಟರು! ಅವರದ್ದು "ಸಾಲದ ಬಳಕೆ: ದೇವಸ್ಥಾನ" ಅಂತ ಇತ್ತು. ಆರು ಹಳ್ಳಿಯಲ್ಲಿ ಅದೊಂದೇ. ಆ ಕಾಲಂ ಮತ್ತೆ ಒಗ್ಗೂಡಿಸಿದೆ.

ತಂಬೂರಿಯವರೇ, ನಿಮಗೆ ಖುಷಿ ಆಗುತ್ತೆ. ಒಬ್ಬ ಅಜ್ಜಿ ಹೇಳಿದ್ದು: "ನನ್ನ ಹೆಸರು ಹಾಕವ್ವ. ಮೂರೂ ಸಾಲ ತೀರ್ಸೀನಿ, ನಂಗ್ಯಾಕೆ ಹೆದರಿಕೆ." ಹಾಕಲಿಲ್ಲ. ಅಜ್ಜಿ ಹೆಸರು ಹಾಕಿದರೆ ಅವರ ಗುಂಪು ಯಾವುದು ಅಂತ ಗೊತ್ತಾಗುತ್ತೆ, ಉಳಿದ ಒಂಬತ್ತು ಜನ ಸಿಕ್ಕಿಬೀಳ್ತಾರೆ. ಅಜ್ಜಿ ಬೇಜಾರು ಮಾಡಿಕೊಂಡರು. ಅದು ಸರಿಯಾ ತಪ್ಪಾ ನನಗೆ ಇನ್ನೂ ಬಗೆಹರಿದಿಲ್ಲ.

ಸಂಪಾದಕರಿಗೆ ಉದ್ದದ ಪತ್ರ ಬರೆದೆ. ಪ್ರಶ್ನಾವಳಿ, ಕೋಡ್, ಮಸುಕು ಮಾಡಿದ ಟೇಬಲ್ ತೆರೆದಿಟ್ಟಿದ್ದೇನೆ. 112ರಲ್ಲಿ 104 ಸಾಲು ಉಳಿಯಿತು. ಮಾತಿನ ಬರಹಗಳು ಎಲ್ಲೂ ಹೋಗಲ್ಲ. ಟೇಬಲ್‌ನಿಂದ ಉತ್ತರ ಎಷ್ಟು ಬೇರೆ ಬರುತ್ತೆ ಅಂತಲೂ ಬರೆದೆ. ಅವರು ಒಪ್ಪಿದರು. ಗೈಡ್ ನೋಡಿ "ಒಂದು ಸಾಲಿನ ಕೆಲಸಕ್ಕೆ ಹದಿನೈದು ದಿನವಾ" ಅಂದರು. ಆಮೇಲೆ ನಾನು ತಿದ್ದಿ ಬರೆದ ಒಪ್ಪಿಗೆ ಫಾರಂ ಕೇಳಿ ಇಸ್ಕೊಂಡರು, ಜೂನಿಯರ್‌ಗಳಿಗೆ ಕೊಡೋಕೆ.

ಹಳೇ_ಮೇಷ್ಟ್ರು
ಹೊಸ ಫಾರಂ ನನಗೂ ಕಳಿಸಮ್ಮ. ಮತ್ತೆ, ಕ್ಯಾಸೆಟ್‌ನಿಂದ ಕಂಪ್ಯೂಟರಿಗೆ ಹಾಕಿಕೊಡುವವರು ಮೈಸೂರಿನಲ್ಲಿ ಯಾರಾದರೂ ಇದ್ದಾರೆಯೇ?

ತಂಬೂರಿ_ತಂತಿ
ನಾನೇ ಮಾಡಿಕೊಡ್ತೀನಿ ಸರ್, ಇನ್‌ಬಾಕ್ಸ್‌ಗೆ ಬನ್ನಿ. ಕ್ಯಾಸೆಟ್ ಸುಮ್ನೆ ಪ್ಲೇ ಮಾಡಿ ನೋಡಬೇಡಿ, ಇಷ್ಟು ವರ್ಷ ಆದ ಟೇಪು ಅಂಟಿಕೊಂಡಿರಬಹುದು, ಕಿತ್ತುಹೋಗಬಹುದು. ಊರಿನ ಹೆಸರು ನೆನಪಿದ್ದರೆ ಬರೆದಿಡಿ.

ಸುಮ್ನೆ_ಬಂದೆ
ಎಮ್ಮೆ_ಲೆಕ್ಕ ಅವರೇ, ಪ್ರಶ್ನಾವಳಿ ಡೌನ್‌ಲೋಡ್ ಮಾಡಿದೆ. ತೆರೆದರೆ "PÀ£ÀßqÀ" ತರ ಏನೇನೋ ಬರ್ತಿದೆ. ನುಡಿ ತಂತ್ರಾಂಶದ ಹಳೇ ಫಾಂಟ್‌ನಲ್ಲಿ ಟೈಪ್ ಮಾಡಿದ್ದೀರಾ?

ಎಮ್ಮೆ_ಲೆಕ್ಕ
ಅಯ್ಯೋ ದೇವರೇ. ಹೌದು. ಡಿಒಐ ಬೇರೆ ಬಂದುಬಿಟ್ಟಿದೆ.

ಜಯನಗರ_4ನೇ_ಬ್ಲಾಕ್
ಯುನಿಕೋಡ್‌ಗೆ ಬದಲಾಯಿಸಿ ಎರಡನೇ ಆವೃತ್ತಿ ಅಂತ ಹಾಕಿ, ಅದಕ್ಕೆ ಅವಕಾಶ ಇದೆ. ಪರಿವರ್ತಕದಲ್ಲಿ ಅರ್ಕಾವತ್ತು ಒಮ್ಮೊಮ್ಮೆ ಒಡೆಯುತ್ತೆ, "ವರ್ಷ", "ಖರ್ಚು" ಎಲ್ಲ ಕಡೆ ಕಣ್ಣಿಟ್ಟು ನೋಡಿಕೊಳ್ಳಿ.